ಕಂಪ್ಯೂಟರ್ ಇದ್ದರೆ ಸಾಕೆ?



ಪೀಣ್ಯದಿಂದ ನಮ್ಮ ಮಾಕಳಿಯವರೆಗೆ ತುಮಕೂರು ರಸ್ತೆಯುದ್ದಕ್ಕೂ ದೊಡ್ಡ ಕಾರ್ಖಾನೆಗಳಿವೆ, ನಾಲ್ಕೇ ಲೇತ್‌ಗಳ ವರ್ಕ್‌ಶಾಪುಗಳೂ ಇವೆ. ಕಂಪ್ಯೂಟರ್ ಇಬ್ಬರಿಗೂ ತಪ್ಪದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಅದರ ಇ-ವೇ ಬಿಲ್ ಅದೇ ಸೆಪ್ಟೆಂಬರಿನಲ್ಲಿ ಮೊದಲು ಜಾರಿಯಾದದ್ದು ಕರ್ನಾಟಕದಲ್ಲೇ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕೂಡ ಕಡ್ಡಾಯವಾಯಿತು.

ಆದರೆ ಎಷ್ಟೋ ಮಾಲೀಕರು ಎಲ್ಲವನ್ನೂ ಗುಮಾಸ್ತನಿಗೆ ಒಪ್ಪಿಸಿ ಕೂರುತ್ತಾರೆ. ಪಾಸ್‌ವರ್ಡ್ ಅವನದು, ಓ.ಟಿ.ಪಿ. ಬರುವ ಮೊಬೈಲೂ ಅವನದೇ! ಅವನು ಕೆಲಸ ಬಿಟ್ಟ ದಿನ ಲೋಡಾದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಗೋದಾಮಿನ ಸರಕಿಗೂ ಪರದೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ದುಬಾರಿ ಸಾಫ್ಟ್‌ವೇರ್ ಏನು ಮಾಡೀತು? ಯಾರು, ಯಾವಾಗ, ಏನನ್ನು ನಮೂದಿಸಬೇಕೆಂದು ಮಾಲೀಕನೇ ಗೊತ್ತುಮಾಡಬೇಕು. ಬ್ಯಾಕಪ್ ಬೇರೆಡೆ ಇರಬೇಕು.

ಬಿ.ಕಾಂ. ಓದುವವರು ಟ್ಯಾಲಿ ಕಲಿಯುವ ಜೊತೆಗೆ ಒಮ್ಮೆ ಗೋದಾಮಿಗೂ ಹೋಗಿ ಸರಕು ಎಣಿಸಿ ಬನ್ನಿ.