ಶಾಲಾ ದಿನಗಳು ಮತ್ತು ಬೋಧನಾ ಅವಧಿ: ಕಾನೂನು ವಿಧಿಸಿರುವುದೇನು, ಗ್ರಾಮ ಪಂಚಾಯಿತಿ ಮಾಡಬೇಕಾದುದೇನು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಶಾಲೆಯ ವಿಷಯ ಬಂದಾಗ ಸಾಮಾನ್ಯವಾಗಿ ಚರ್ಚೆಯಾಗುವುದು ಕಟ್ಟಡ, ಶೌಚಾಲಯ, ಆವರಣ ಗೋಡೆ ಮತ್ತು ಕುಡಿಯುವ ನೀರು. ಇವೆಲ್ಲವೂ ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣದ ಮತ್ತೊಂದು ಸವಲತ್ತು ಇದೆ. ಅದು ಮಗುವಿಗೆ ದೊರೆಯಬೇಕಾದ ಪಾಠದ ಸಮಯ. ಬಿರುಕು ಬಿಟ್ಟ ಗೋಡೆಗೆ ಅಂದಾಜು ಪಟ್ಟಿ ತಯಾರಾಗುತ್ತದೆ. ಕಳೆದುಹೋದ ಪಾಠದ ಗಂಟೆಗಳ ಲೆಕ್ಕವನ್ನು ಕೇಳುವವರು ವಿರಳ. ಆದರೆ ಕಾನೂನು ಈ ಸಮಯವನ್ನೂ ಕಟ್ಟಡದಷ್ಟೇ ಸ್ಪಷ್ಟವಾಗಿ ಅಳತೆ ಮಾಡಿ ನಿಗದಿಪಡಿಸಿದೆ.

ಸಂವಿಧಾನದ 21ಎ ಅನುಚ್ಛೇದವು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿದೆ. ಅದನ್ನು ಜಾರಿಗೊಳಿಸಲು ಬಂದದ್ದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009. ಇದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಲೆಯೊಂದು ಹೊಂದಿರಬೇಕಾದ ಮಾನಕಗಳನ್ನು ಈ ಅಧಿನಿಯಮದ ಅನುಸೂಚಿಯಲ್ಲಿ ಹೇಳಲಾಗಿದ್ದು, ಸಮಯಕ್ಕೆ ಸಂಬಂಧಿಸಿದ ಮಾನಕಗಳು ಹೀಗಿವೆ:

1. ಒಂದರಿಂದ ಐದನೇ ತರಗತಿಗೆ ಶೈಕ್ಷಣಿಕ ವರ್ಷದಲ್ಲಿ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು.

2. ಆರರಿಂದ ಎಂಟನೇ ತರಗತಿಗೆ ಕನಿಷ್ಠ 220 ಕೆಲಸದ ದಿನಗಳು ಮತ್ತು 1000 ಬೋಧನಾ ಗಂಟೆಗಳು.

3. ಶಿಕ್ಷಕರಿಗೆ, ಪಾಠದ ಸಿದ್ಧತೆಯೂ ಸೇರಿದಂತೆ, ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸ.

ಈ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದರೆ, ಒಂದನೇ ತರಗತಿಗೆ ಸೇರಿದ ಮಗುವು ಎಂಟನೇ ತರಗತಿ ಮುಗಿಸುವಷ್ಟರಲ್ಲಿ ಕನಿಷ್ಠ 1660 ಶಾಲಾ ದಿನಗಳನ್ನೂ 7000 ಬೋಧನಾ ಗಂಟೆಗಳನ್ನೂ ಪಡೆಯಬೇಕು. ಇದು ಆ ಮಗುವಿನ ಹಕ್ಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದಿನಗಳು ಮತ್ತು ಗಂಟೆಗಳು ಎರಡು ಪ್ರತ್ಯೇಕ ಷರತ್ತುಗಳು. ಒಂದನ್ನು ಪೂರೈಸಿದ ಮಾತ್ರಕ್ಕೆ ಇನ್ನೊಂದು ಪೂರೈಸಿದಂತಾಗುವುದಿಲ್ಲ. ಒಂದು ಕಿರಿಯ ಪ್ರಾಥಮಿಕ ಶಾಲೆ 200 ದಿನ ಬಾಗಿಲು ತೆರೆದು ದಿನಕ್ಕೆ ಮೂರು ಗಂಟೆ ಮಾತ್ರ ಪಾಠ ನಡೆಸಿದರೆ, ಸಿಗುವುದು 600 ಗಂಟೆ. ದಿನಗಳ ಲೆಕ್ಕ ಸರಿ, ಗಂಟೆಗಳ ಲೆಕ್ಕ ತಪ್ಪು. 800 ಗಂಟೆಗಳನ್ನು 200 ದಿನಗಳಿಗೆ ಹಂಚಿದರೆ ದಿನಕ್ಕೆ ನಾಲ್ಕು ಗಂಟೆ; 1000 ಗಂಟೆಗಳನ್ನು 220 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ. ಶನಿವಾರ ಅರ್ಧ ದಿನವಾದುದರಿಂದ ಉಳಿದ ದಿನಗಳಲ್ಲಿ ಇದಕ್ಕಿಂತ ಹೆಚ್ಚು ನಡೆಯಬೇಕು. ಊಟದ ಬಿಡುವನ್ನು ಪಾಠದ ಲೆಕ್ಕಕ್ಕೆ ಸೇರಿಸಲಾಗದು.

ಸಣ್ಣ ಸಣ್ಣ ವಿಳಂಬಗಳು ವರ್ಷಾಂತ್ಯಕ್ಕೆ ಎಷ್ಟಾಗುತ್ತವೆ ಎಂಬುದನ್ನೂ ಸದಸ್ಯರು ಲೆಕ್ಕ ಹಾಕಿ ನೋಡಬಹುದು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೊದಲ ಪಾಠ ದಿನವೂ ಇಪ್ಪತ್ತು ನಿಮಿಷ ತಡವಾಗಿ ಆರಂಭವಾದರೆ, 200 ದಿನಗಳಿಗೆ 66 ಗಂಟೆ 40 ನಿಮಿಷ ನಷ್ಟವಾಗುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ಎಣಿಸಿದರೆ ಅದು ಹದಿನಾರು ದಿನಗಳಿಗೂ ಹೆಚ್ಚು. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಕಡಿಮೆ ಕಾಣುವುದಿಲ್ಲ. ಮಗುವಿನ ಪಾಲಿಗೆ ಎರಡೂವರೆ ವಾರಕ್ಕೂ ಮೀರಿದ ಪಾಠ ಇಲ್ಲವಾಗಿರುತ್ತದೆ.

ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಈ ನಷ್ಟ ಇನ್ನೂ ತೀವ್ರ. ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗೂ ಇರುವ ಶಾಲೆಗೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಅನ್ಯ ಕರ್ತವ್ಯಕ್ಕೆ ಹೋದ ದಿನ ಐದೂ ತರಗತಿಗಳು ಒಬ್ಬರ ಮೇಲೆ ಬೀಳುತ್ತವೆ. ಶಾಲೆ ತೆರೆದಿರುತ್ತದೆ, ಬಿಸಿಯೂಟವೂ ನಡೆಯುತ್ತದೆ. ಪಾಠ ಎಷ್ಟು ನಡೆಯಿತು ಎಂಬುದು ಬೇರೆಯೇ ಪ್ರಶ್ನೆ.

ಈ ಕಾರಣದಿಂದಲೇ ಅಧಿನಿಯಮದ 27ನೇ ಪ್ರಕರಣವು ಶಿಕ್ಷಕರನ್ನು ಶಿಕ್ಷಣೇತರ ಕೆಲಸಗಳಿಗೆ ನಿಯೋಜಿಸುವುದನ್ನು ನಿಷೇಧಿಸಿದೆ. ಮೂರು ಕೆಲಸಗಳಿಗೆ ಮಾತ್ರ ವಿನಾಯಿತಿ ಇದೆ: ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಮತ್ತು ಸ್ಥಳೀಯ ಸಂಸ್ಥೆ, ವಿಧಾನಮಂಡಲ ಹಾಗೂ ಸಂಸತ್ತಿನ ಚುನಾವಣೆಗಳಿಗೆ ಸಂಬಂಧಿಸಿದ ಕರ್ತವ್ಯ. ಅಧಿನಿಯಮ ಬರುವ ಮೊದಲೇ, 2007ರಲ್ಲಿ, ಚುನಾವಣಾ ಆಯೋಗ ಮತ್ತು ಸೇಂಟ್ ಮೇರೀಸ್ ಶಾಲೆಯ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮತದಾರರ ಪಟ್ಟಿ ಪರಿಷ್ಕರಣೆಯಂತಹ ಕೆಲಸಕ್ಕೆ ಶಿಕ್ಷಕರನ್ನು ರಜಾ ದಿನಗಳಲ್ಲಿ ಮತ್ತು ಬೋಧನೆಯಿಲ್ಲದ ವೇಳೆಯಲ್ಲಿ ಮಾತ್ರ ಬಳಸಬೇಕೆಂದು ಹೇಳಿತ್ತು. ಹೀಗಿರುವಾಗ ಪಂಚಾಯಿತಿಯ ಮನೆ ಸಮೀಕ್ಷೆ, ಫಲಾನುಭವಿ ಪಟ್ಟಿ ಅಥವಾ ಸಮಾರಂಭದ ಸಿದ್ಧತೆಗೆ ಪಾಠದ ವೇಳೆಯಲ್ಲಿ ಶಿಕ್ಷಕರನ್ನು ಕರೆಸಿಕೊಳ್ಳುವುದು ಕಾನೂನಿಗೆ ಸಲ್ಲದು. ಗಣ್ಯರ ಸ್ವಾಗತಕ್ಕೆ ಮಕ್ಕಳನ್ನು ರಸ್ತೆಬದಿಯಲ್ಲಿ ಸಾಲಾಗಿ ನಿಲ್ಲಿಸುವ ಪದ್ಧತಿಯೂ ಬೋಧನಾ ಗಂಟೆಗಳಿಂದಲೇ ಕಡಿತವಾಗುವಂಥದ್ದು.

ರಜೆಯ ವಿಷಯದಲ್ಲಿ ಸದಸ್ಯರ ಮೇಲೆ ಗ್ರಾಮಸ್ಥರ ಒತ್ತಡವಿರುವುದು ಸಹಜ. ಗ್ರಾಮದೇವತೆಯ ಜಾತ್ರೆ, ಸಂತೆ, ಸುಗ್ಗಿ ಇವು ಊರಿನ ಬದುಕಿನ ಭಾಗ. ಅಧಿನಿಯಮದ 9ನೇ ಪ್ರಕರಣವು ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ವಾರ್ಷಿಕ ವೇಳಾಪಟ್ಟಿಯನ್ನು ಶಾಲಾ ಶಿಕ್ಷಣ ಇಲಾಖೆ ಹೊರಡಿಸುತ್ತದೆ. ಆದುದರಿಂದ ಜಾತ್ರೆಗೆ ರಜೆ ಬೇಕಾದಲ್ಲಿ ವರ್ಷಾರಂಭದಲ್ಲಿಯೇ ಮುಖ್ಯ ಶಿಕ್ಷಕರೊಂದಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೂ ಚರ್ಚಿಸಿ, ಇಲಾಖೆ ಅವಕಾಶ ನೀಡಿರುವ ಸ್ಥಳೀಯ ರಜೆಗಳಲ್ಲಿ ಅದನ್ನು ಸೇರಿಸಿಕೊಳ್ಳುವುದು ಸರಿಯಾದ ಕ್ರಮ. ಹಿಂದಿನ ದಿನ ಸಂಜೆ ದೂರವಾಣಿ ಮಾಡಿ ಶಾಲೆ ಮುಚ್ಚಿಸುವುದು ಕ್ರಮವಲ್ಲ. ಮದುವೆ, ನಾಮಕರಣಗಳಿಗೆ ಶಾಲಾ ಕೊಠಡಿಯನ್ನು ಪಾಠದ ದಿನ ಬಿಡಿಸಿಕೊಡುವಂತೆ ಶಿಫಾರಸು ಮಾಡುವುದೂ ಸಲ್ಲದು.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದಲ್ಲಿ ಜಿಲ್ಲಾಡಳಿತ ಘೋಷಿಸುವ ರಜೆ ಅನಿವಾರ್ಯ. ಮಗುವಿನ ಜೀವಕ್ಕಿಂತ ಪಾಠ ದೊಡ್ಡದಲ್ಲ. ಆದರೆ ಎಂಟು ದಿನ ಮಳೆ ರಜೆಯಾದರೆ ಹಿರಿಯ ಪ್ರಾಥಮಿಕ ತರಗತಿಗಳಿಗೆ ಸುಮಾರು 36 ಗಂಟೆ ಕಡಿಮೆಯಾಗುತ್ತದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಯಂತೆ ಸರಿದೂಗಿಸಲು ಹನ್ನೆರಡು ಶನಿವಾರಗಳು ಬೇಕು. ಶನಿವಾರದ ಮಧ್ಯಾಹ್ನ ಗಂಟೆಗಳನ್ನು ತುಂಬುತ್ತದೆಯೇ ಹೊರತು ಹೊಸ ದಿನವನ್ನು ಸೇರಿಸುವುದಿಲ್ಲ. ಆದಕಾರಣ ದಿನಗಳ ಸಂಖ್ಯೆ 220ಕ್ಕಿಂತ ಕೆಳಗೆ ಇಳಿಯುವುದೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಹಳ್ಳ ದಾಟಲಾಗದೆ ಒಂದೆರಡು ಕೇರಿಯ ಮಕ್ಕಳು ಮಾತ್ರ ವಾರಗಟ್ಟಲೆ ಬಾರದಿದ್ದರೆ, ಶಾಲೆಯ ಲೆಕ್ಕದಲ್ಲಿ ದಿನಗಳು ಪೂರ್ಣವಾಗಿರುತ್ತವೆ, ಆ ಮಕ್ಕಳ ಲೆಕ್ಕದಲ್ಲಿ ಇರುವುದಿಲ್ಲ. ಅಲ್ಲಿ ಬೇಕಾದುದು ಕಾಲುಸಂಕ. ಅದು ಶಿಕ್ಷಕರ ಕೈಯಲ್ಲಿಲ್ಲ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿದೆ.

ವಲಸೆ ಕುಟುಂಬಗಳ ವಿಷಯವೂ ಇದೇ ಬಗೆಯದು. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಾಫಿ ತೋಟಕ್ಕೆ ಹೋಗುವ ತಂದೆತಾಯಿಗಳೊಂದಿಗೆ ಮಕ್ಕಳೂ ತೆರಳುತ್ತಾರೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು, ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಹಾಜರಾತಿಯ ಮೇಲೆ ನಿಗಾ ಇಡುವುದು ಇವು 9ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳು. ತಮ್ಮ ಊರಿನಿಂದ ಹೋದ ಮಕ್ಕಳಷ್ಟೇ, ತಮ್ಮ ಊರಿಗೆ ಬಂದ ಮಕ್ಕಳೂ ಈ ಲೆಕ್ಕದಲ್ಲಿ ಬರಬೇಕು.

ಪೋಷಕರಿಗೆ ದೂರು ನೀಡುವ ದಾರಿಯೂ ಇದೆ. 32ನೇ ಪ್ರಕರಣದ ಪ್ರಕಾರ ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಸಂಬಂಧಪಟ್ಟವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ವಿರುದ್ಧ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಸದಸ್ಯರು ಶಾಲೆಗೆ ಹೋಗಿ ಶಿಕ್ಷಕರನ್ನು ಗದರಿಸಬೇಕೆಂಬುದು ಇದರ ಅರ್ಥವಲ್ಲ. ಶಿಕ್ಷಕರ ಮೇಲಿನ ಶಿಸ್ತುಕ್ರಮ ಇಲಾಖೆಗೆ ಸೇರಿದ್ದು. ಪಂಚಾಯಿತಿ ಮಾಡಬೇಕಾದುದು ಲೆಕ್ಕ ಕೇಳುವುದು ಮತ್ತು ಅಡ್ಡಿಗಳನ್ನು ತೆಗೆಯುವುದು. ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಪ್ರಶ್ನೆಗಳನ್ನು ಇಡುವುದು ಸೂಕ್ತ:

ಅ. ಪ್ರತಿ ಶಾಲೆಯಲ್ಲಿ ಈವರೆಗೆ ಎಷ್ಟು ದಿನ ಶಾಲೆ ನಡೆದಿದೆ, ಎಷ್ಟು ಗಂಟೆ ಪಾಠವಾಗಿದೆ?

ಆ. ಮಳೆ ಅಥವಾ ಇತರ ಕಾರಣಕ್ಕೆ ಹೋದ ದಿನಗಳೆಷ್ಟು, ಅವುಗಳನ್ನು ಯಾವ ದಿನಾಂಕಗಳಂದು ಸರಿದೂಗಿಸಲಾಗಿದೆ?

ಇ. ಶಿಕ್ಷಕರು ಅನ್ಯ ಕರ್ತವ್ಯದ ಮೇಲೆ ಹೋದ ದಿನಗಳೆಷ್ಟು, ಯಾರ ಆದೇಶದ ಮೇರೆಗೆ? ಅವುಗಳಲ್ಲಿ ಪಂಚಾಯಿತಿಯೇ ಕರೆಸಿದ್ದು ಎಷ್ಟು?

ಈ. ಒಂದು ವಾರಕ್ಕೂ ಹೆಚ್ಚು ಕಾಲ ಗೈರುಹಾಜರಾದ ಮಕ್ಕಳು ಎಷ್ಟು, ಅವರು ಯಾವ ಕೇರಿಯವರು, ಕಾರಣವೇನು?

ಉ. ಅಡುಗೆಗೆ ನೀರು ತರಲು ಮಕ್ಕಳು ಪಾಠ ಬಿಟ್ಟು ಹೋಗುವ ಸ್ಥಿತಿ ಎಲ್ಲಿಯಾದರೂ ಇದೆಯೇ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆಗಳನ್ನು ಮಕ್ಕಳ ಮುಂದೆಯೂ ಇಡಬಹುದು. ಯಾವ ಅವಧಿ ನಡೆಯಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆರನೇ ತರಗತಿಯಲ್ಲಿ ತಪ್ಪಿದ ಭಿನ್ನರಾಶಿಯ ಪಾಠವನ್ನು ಏಳನೇ ತರಗತಿಯ ಪಠ್ಯ ಮತ್ತೆ ಮೊದಲಿನಿಂದ ಹೇಳಿಕೊಡುವುದಿಲ್ಲ. ಆದುದರಿಂದ ಈ ಲೆಕ್ಕವನ್ನು ಮಾರ್ಚ್ ತಿಂಗಳವರೆಗೆ ಕಾಯದೆ, ಸರಿಪಡಿಸಲು ಇನ್ನೂ ದಿನಗಳು ಉಳಿದಿರುವಾಗಲೇ ಕೇಳುವುದು ಅವಶ್ಯ.