ಸೂಜಿಗಲ್ಲಿಗೆ ಅಂಟಿದ ಪಾಷಾಣ

ಮನೆ ಕಟ್ಟುವ ಜಾಗದಲ್ಲಿ ಮರಳಿನ ರಾಶಿ ಬಿದ್ದರೆ ಓಣಿಯ ಮಕ್ಕಳಿಗೆ ಹಬ್ಬ. ಒಡೆದ ಸ್ಪೀಕರಿನಿಂದ ಕಿತ್ತ ಸೂಜಿಗಲ್ಲನ್ನು ಹೊಳೆಮರಳಿನಲ್ಲಿ ಎಳೆದಾಡಿದರೆ ಅದಕ್ಕೆ ಗಡ್ಡ ಬೆಳೆದಂತೆ ಕರಿಪುಡಿ ಮೆತ್ತಿಕೊಳ್ಳುತ್ತದೆ. ಆ ಪುಡಿ ಬಹುಪಾಲು ಮ್ಯಾಗ್ನೆಟೈಟ್, ಕಬ್ಬಿಣವೂ ಆಮ್ಲಜನಕವೂ ಕೂಡಿದ ಖನಿಜ. ಅಷ್ಟು ಮರಳಿನ ನಡುವೆ ತನಗೆ ಬೇಕಾದ್ದನ್ನಷ್ಟೇ ಹೆಕ್ಕಿ ತೆಗೆಯುವ ಈ ಆಟವೇ ನೀರಿನ ಶುದ್ಧೀಕರಣದ ಒಂದು ಹಳೆಯ ತೊಡಕಿಗೆ ದಾರಿ ತೋರಿಸಿದೆ.

ನೀರಿನಲ್ಲಿ ಕರಗಿದ ವಿಷವನ್ನು ಹಿಡಿಯುವ ಪದಾರ್ಥಗಳಿಗೆ ಬರವಿಲ್ಲ. ಇದ್ದಿಲ ಪುಡಿ ಬಟ್ಟೆಯ ಬಣ್ಣವನ್ನು ಹೀರುತ್ತದೆ, ಕಬ್ಬಿಣದ ತುಕ್ಕು ಆರ್ಸೆನಿಕ್ಕನ್ನು ಹಿಡಿಯುತ್ತದೆ. ಪುಡಿ ನುಣ್ಣಗಾದಷ್ಟೂ ಅದರ ಮೈ ಹರಹು ಹೆಚ್ಚುತ್ತದೆ, ಹಿಡಿತವೂ ಹೆಚ್ಚುತ್ತದೆ. ಆದರೆ ನೀರಿಗೆ ಕದಡಿದ ನುಣ್ಣನೆಯ ಪುಡಿಯನ್ನು ಹೊರತೆಗೆಯುವುದು ಹೇಗೆ? ಬಟ್ಟೆಯಲ್ಲಿ ಸೋಸಿದರೆ ತೂರಿಹೋಗುತ್ತದೆ, ಬಿಗಿಯಾದ ಸೋಸುಕ ಕಟ್ಟಿಕೊಳ್ಳುತ್ತದೆ, ತಳಕ್ಕಿಳಿಯಲೆಂದು ಕಾದರೆ ದಿನಗಟ್ಟಲೆ ತೇಲುತ್ತಲೇ ಇರುತ್ತದೆ. ಇದ್ದಿಲು, ಜೇಡಿಮಣ್ಣು, ರಾಳ ಯಾವುದೇ ಇರಲಿ, ಅದರ ಒಡಲಿನಲ್ಲಿ ಮ್ಯಾಗ್ನೆಟೈಟ್ ಸೇರಿಸಿದರೆ ಹೊರಗಿನಿಂದ ಸೂಜಿಗಲ್ಲು ಹಿಡಿದು ಸೆಳೆಯಬಹುದು. ಕಾಂತೀಯ ಸಂಯೋಜಿತ ವಸ್ತು ಎಂಬ ಭಾರದ ಹೆಸರಿನ ಹಿಂದಿರುವುದು ಇಷ್ಟೇ.

ಹಳಬರು ಪಾಷಾಣವೆನ್ನುತ್ತಿದ್ದ ಆರ್ಸೆನಿಕ್‌ಗೆ ನೀರಿನಲ್ಲಿ ಕರಗಿದಾಗ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದವರ ಎದೆಯ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು ಮೂಡುತ್ತವೆ, ಅಂಗೈ ಅಂಗಾಲು ಗಂಟುಗಟ್ಟಿ ಒರಟಾಗುತ್ತವೆ, ಮುಂದೆ ಕ್ಯಾನ್ಸರ್ ಕೂಡ ಬರಬಹುದು. ಕೆರೆಕುಂಟೆಯ ನೀರಿನ ಕಾಯಿಲೆಗಳಿಂದ ಪಾರಾಗಲೆಂದು ಕೊರೆದ ಕೊಳವೆಬಾವಿಗಳೇ ಬಾಂಗ್ಲಾದೇಶದಲ್ಲಿ ಕೋಟ್ಯಂತರ ಜನರಿಗೆ ಈ ವಿಷ ಉಣಿಸಿದವು. ಕರ್ನಾಟಕಕ್ಕೂ ಇದು ದೂರದ ಸುದ್ದಿಯಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರ ಮೈಮೇಲೆ ಇದೇ ಗುರುತುಗಳು ಕಂಡವು. ಅಲ್ಲಿನ ನೆಲ ಚಿನ್ನ ತೆಗೆದ ಮಂಗಳೂರು ಶಿಲಾಪಟ್ಟಿಗೆ (ಕರಾವಳಿಯ ಮಂಗಳೂರಲ್ಲ, ಅದೇ ಸೀಮೆಯ ಊರು) ಸೇರಿದ್ದು. ಚಿನ್ನವಿರುವ ಇಂಥ ಬಂಡೆಗಳಲ್ಲಿ ಆರ್ಸೆನಿಕ್ ಇರುವ ಖನಿಜವೂ ಬೆರೆತಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಕಿ ಕಾಲ್ವಿನ್, ಜಾಫರ್ ಯಾವುಜ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಎಲ್ಲರ ಹುಬ್ಬೇರಿಸಿತು. ಅವರ ಕೈಯಲ್ಲಿದ್ದದ್ದು 12 ನ್ಯಾನೋಮೀಟರ್ ಅಗಲದ ಮ್ಯಾಗ್ನೆಟೈಟ್ ಕಣ, ಒಂದು ತಲೆಗೂದಲಿನ ಅಡ್ಡಗಲಕ್ಕೆ ಸಾವಿರಾರು ಕಣ ಸಾಲುನಿಲ್ಲುವಷ್ಟು ಸಣ್ಣದು. ಇಷ್ಟು ಸಣ್ಣ ಕಣಗಳನ್ನು ನೀರಿನ ಅಣುಗಳೇ ದಿಕ್ಕಾಪಾಲಾಗಿ ತಳ್ಳಾಡುತ್ತಿರುತ್ತವೆ. ಸೆಳೆಯಬೇಕಾದರೆ ಭಾರೀ ಕಾಂತಬಲವೇ ಬೇಕು ಎಂದು ನಂಬಲಾಗಿತ್ತು. ಆದರೆ ಕೈಯಲ್ಲಿ ಹಿಡಿಯುವ ಸಾಧಾರಣ ಸೂಜಿಗಲ್ಲಿಗೇ ಕಣಗಳು ಒಂದಕ್ಕೊಂದು ಕೂಡಿಕೊಂಡು ಬಾಟಲಿಯ ಗೋಡೆಗೆ ಸರಿದವು, ಕಂದು ನೀರು ತಿಳಿಯಾಯಿತು. ಆರ್ಸೆನಿಕ್ ಹಿಡಿಯುವುದರಲ್ಲೂ ಅವು ಗೆದ್ದವು. ಲೀಟರಿಗೆ ಅರ್ಧ ಗ್ರಾಂ ಹಾಕಿದಾಗ 300 ನ್ಯಾನೋಮೀಟರಿನ ಕಣ ಕಾಲು ಭಾಗದಷ್ಟನ್ನು ಮಾತ್ರ ತೆಗೆದರೆ, 12ರ ಕಣ ಶೇ. 99ರಷ್ಟನ್ನು ತೆಗೆಯಿತು. ಸಣ್ಣ ಕಣದ ಒಂದು ಗ್ರಾಂ ಪುಡಿಗೆ ಸುಮಾರು 100 ಚದರ ಮೀಟರ್ ಮೈಯಿರುತ್ತದೆ, ದೊಡ್ಡದಕ್ಕೆ ನಾಲ್ಕೇ. ಮುಂದೆ ಇದೇ ಬಳಗದವರು ತುಕ್ಕು ಮತ್ತು ಅಡುಗೆ ಎಣ್ಣೆಯಿಂದ ಇಂಥ ಕಣಗಳನ್ನು ಕಡಿಮೆ ಖರ್ಚಿನಲ್ಲಿ ಮಾಡುವ ಹಾದಿಯನ್ನೂ ಹುಡುಕಿದರು.

ಆಮೇಲೆ ಪ್ರಬಂಧಗಳ ಹೊಳೆಯೇ ಹರಿದಿದೆ. ಅವುಗಳಲ್ಲಿ ಬಹಳಷ್ಟು ಭಟ್ಟಿ ಇಳಿಸಿದ ನೀರಿಗೆ ಒಂದೇ ವಿಷ ಬೆರೆಸಿ ಲೆಕ್ಕ ಕೊಡುತ್ತವೆ. ಊರಿನ ಬಾವಿಯ ನೀರು ಹಾಗಿರುವುದಿಲ್ಲ. ಅದರಲ್ಲಿ ಫಾಸ್ಫೇಟ್ ಇರುತ್ತದೆ, ಸಿಲಿಕಾ ಇರುತ್ತದೆ, ಕಣದ ಮೇಲಿನ ಜಾಗಕ್ಕಾಗಿ ಅವೆಲ್ಲ ಆರ್ಸೆನಿಕ್ ಜೊತೆ ಪೈಪೋಟಿಗೆ ಇಳಿಯುತ್ತವೆ. ಬಾವಿಯ ನೀರಿನಲ್ಲಿ ಪರೀಕ್ಷೆಗೆ ನಿಲ್ಲದ ಅಂಕಿಯನ್ನು ಊರಿನವರ ಮುಂದಿಟ್ಟು ಆಸೆ ಹುಟ್ಟಿಸುವುದು ತಪ್ಪು.

ಊರಿಗೆ ಊರೇ ಕುಡಿಯುವ ಮಟ್ಟಕ್ಕೆ ಈ ವಿದ್ಯೆ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಎಲೆ, ಕಸ ಕೊಳೆತು ನೀರಿಗಿಳಿದ ಸಾವಯವ ಪದಾರ್ಥ ಕ್ಲೋರಿನ್ ಜೊತೆ ಸೇರಿ ಹಾನಿಕರ ರಾಸಾಯನಿಕಗಳಾಗುತ್ತದೆ. ಅದನ್ನು ಮೊದಲೇ ತೆಗೆಯಲು ಒಡಲಲ್ಲಿ ಕಬ್ಬಿಣದ ಆಕ್ಸೈಡ್ ಇಟ್ಟುಕೊಂಡ ರಾಳದ ಕಾಳುಗಳು ತಯಾರಾದವು. ಹೆಸರು ಮೀಎಕ್ಸ್. 2001ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಪ್ಲೆಸೆಂಟ್‌ನಲ್ಲೂ ಪರ್ತ್ ಬಳಿಯ ವಾನೆರೂದಲ್ಲೂ ಘಟಕಗಳು ನಡೆಯತೊಡಗಿದವು. ಇಲ್ಲಿ ಸೂಜಿಗಲ್ಲನ್ನು ಹೊರಗಿನಿಂದ ಹಿಡಿಯುವುದೇ ಇಲ್ಲ. ಕಾಳುಗಳೇ ಒಂದನ್ನೊಂದು ಸೆಳೆದು ಗೊಂಚಲಾಗಿ ಬೇಗ ತಳಕ್ಕಿಳಿಯುತ್ತವೆ. ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧ.

ಆರ್ಸೆನಿಕ್ ಹಿಡಿದ ಕರಿಪುಡಿಯ ಕತೆ ಅಷ್ಟು ಸುಲಭವಲ್ಲ. ಕ್ಷಾರದಲ್ಲಿ ತೊಳೆದರೆ ಪುಡಿ ಶುದ್ಧವಾಗುತ್ತದೆ, ವಿಷ ಕ್ಷಾರದ ನೀರಿಗೆ ಇಳಿಯುತ್ತದೆ. ಒಂದು ಸಂಸಾರಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕೆಂದರೆ, ಲೀಟರಿಗೆ ಅರ್ಧ ಗ್ರಾಂನಂತೆ ದಿನಕ್ಕೆ 10 ಗ್ರಾಂ ಪುಡಿ. ಒಮ್ಮೆ ಬಳಸಿ ಬಿಟ್ಟರೆ ವರ್ಷಕ್ಕೆ ಮೂರೂವರೆ ಕಿಲೋ ದಾಟುತ್ತದೆ. ಅದನ್ನು ಹಿತ್ತಿಲ ತಿಪ್ಪೆಗೆ ಸುರಿದರೆ ವಿಷ ಮಳೆನೀರಿನೊಂದಿಗೆ ಮತ್ತೆ ಬಾವಿಗೇ ಇಳಿಯಬಹುದು. ಮನೆಮನೆಯಿಂದ ಆ ಪುಡಿಯನ್ನು ವಾಪಸ್ ಒಯ್ದು ಭದ್ರವಾಗಿ ಇಡುವವರು ಯಾರೆಂಬುದು ತೀರ್ಮಾನವಾಗದೆ ತಾಂಡಾದ ಒಂದು ಕೊಡಕ್ಕೂ ಅದನ್ನು ಹಾಕಬಾರದು.