ಕುದಾಪುರದ ಕಾವಲು: ಪ್ರಗತಿಯ ಖರ್ಚು ಯಾರ ತಲೆಗೆ?



2023ರ ಏಪ್ರಿಲ್ 2ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಆಕಾಶದಲ್ಲಿ ಹೆಲಿಕಾಪ್ಟರೊಂದು ರೆಕ್ಕೆಯುಳ್ಳ ನೌಕೆಯನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಚಾಲಕನಿಲ್ಲದ ಆ ನೌಕೆ ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಂಡು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇಸ್ರೋ ಇನ್ನೆರಡು ಸಲ ಈ ಪರೀಕ್ಷೆ ನಡೆಸಿತು, ಎರಡೂ ಗೆದ್ದವು. ಬಾಹ್ಯಾಕಾಶಕ್ಕೆ ಹೋದ ವಾಹನವನ್ನು ಹಿಂದಕ್ಕೆ ಇಳಿಸಿ ಮತ್ತೆ ಬಳಸುವ ವಿದ್ಯೆಯಲ್ಲಿ ಇದು ದೊಡ್ಡ ಹೆಜ್ಜೆ. ಅದು ನಮ್ಮ ಚಿತ್ರದುರ್ಗ ಜಿಲ್ಲೆಯ ನೆಲದಲ್ಲಿ ನಡೆಯಿತೆಂಬ ಹೆಮ್ಮೆ ನನಗಿದೆ.

ಆ ನೆಲಕ್ಕೆ ಹಳೆಯ ಹೆಸರೊಂದಿದೆ: ಅಮೃತಮಹಲ್ ಕಾವಲು. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ದನದ ಇಲಾಖೆ ನಡೆಸಿದರು. ಟಿಪ್ಪು ಸುಲ್ತಾನ ಅದನ್ನು ಅಮೃತಮಹಲ್ ಎಂದು ಕರೆದ. ಅಮೃತಮಹಲ್ ತಳಿಯ ಎತ್ತುಗಳು ಫಿರಂಗಿಯ ಬಂಡಿ ಎಳೆದು ದಣಿವಿಲ್ಲದೆ ನಡೆಯುತ್ತಿದ್ದವು. ಅಂದರೆ ಈ ಹುಲ್ಲುಗಾವಲೂ ಒಂದು ಕಾಲದಲ್ಲಿ ರಾಜ್ಯದ ರಕ್ಷಣೆಗೆಂದೇ ಕಾಯ್ದ ನೆಲ. ಅಂದಿನ ಎತ್ತಿನ ಜಾಗಕ್ಕೆ ಇಂದು ಡ್ರೋನ್ ಬಂದಿದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಇಂದು ಈ ನೆಲವನ್ನು ನೆಚ್ಚಿ ಬದುಕುವವರಿದ್ದಾರೆ. ಕಾಲಾಂತರದಲ್ಲಿ ಸುತ್ತಲ ಹಟ್ಟಿಗಳ ದನ, ಕುರಿ, ಮೇಕೆಗಳೂ ಕಾವಲಿನಲ್ಲಿ ಮೇಯತೊಡಗಿದವು. ಮಳೆ ಅತಿ ಕಡಿಮೆ ಬೀಳುವ ಈ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಕುರಿಯ ಉಣ್ಣೆಯಿಂದ ಕಂಬಳಿ ಮಗ್ಗ ಓಡುತ್ತದೆ. ಇಲ್ಲಿನ ಮ್ಯಾಸಬೇಡ, ಕಾಡುಗೊಲ್ಲ ಸಮುದಾಯಗಳ ದೇವರ ಎತ್ತುಗಳಿಗೂ ಹುಲ್ಲು ಬೇಕು. ಕೃಷ್ಣಮೃಗಕ್ಕೂ ಇದೇ ಬಯಲು ಬೇಕು.

2008ರಿಂದೀಚೆಗೆ ಸರ್ಕಾರ ಈ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು. ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಪಾಲು ಹೋಯಿತು. ಗೋಡೆ ಎದ್ದಿತು. ದನ ಹೊಡೆದುಕೊಂಡು ಹೋಗುವ ಹಾದಿಗೆ ಗೋಡೆ ಅಡ್ಡ ಬಂದಾಗ ಜನ ಬೀದಿಗಿಳಿದರು. ಪ್ರಕರಣ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಪೀಠದ ಮುಂದೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಪರಿಸರದ ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ಇಂಥ ಹೋರಾಟ ಎದ್ದಾಗ ದೂರದಲ್ಲಿ ಕೂತವರು ಥಟ್ಟನೆ ಹೇಳುವ ಮಾತೊಂದಿದೆ: ಇವರು ಪ್ರಗತಿಯ ವಿರೋಧಿಗಳು. ಈ ಮಾತು ಹಳೆಯದು. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವವರು ಯಂತ್ರಗಳನ್ನು ಒಡೆದರು. ಅವರನ್ನು ಲಡ್ಡೈಟರು ಎಂದು ಕರೆದರು; ಆ ಹೆಸರು ಇಂದಿಗೂ ಬೈಗುಳವಾಗಿ ಉಳಿದಿದೆ. ಆದರೆ ಅವರು ತಲೆಮಾರುಗಳಿಂದ ಯಂತ್ರದ ಮೇಲೆಯೇ ದುಡಿದ ಕಸುಬುದಾರರು. ಕೂಲಿ ಇಳಿಸಿ, ಕಳಪೆ ಮಾಲು ತೆಗೆದ ಮಾಲೀಕರ ಮೇಲೆ ಅವರ ಸಿಟ್ಟಿತ್ತು. ಪಾರ್ಲಿಮೆಂಟು ಅವರ ಕಷ್ಟ ಕೇಳಲಿಲ್ಲ. 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ಎಂದು ಕಾನೂನು ಮಾಡಿತು.

ಕುದಾಪುರದ ಸುತ್ತಲಿನವರಾದರೂ ವಿಜ್ಞಾನವನ್ನು ಬೇಡವೆಂದವರಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿದವರು, ಕೊಳವೆಬಾವಿ ಕೊರೆಸಿದವರು, ಮಗ ಎಂಜಿನಿಯರ್ ಆಗಲೆಂದು ಕುರಿ ಮಾರಿ ಓದಿಸುವವರು. ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬುದೇ ಅವರ ದೂರು. ಲಾಭ ಇಡೀ ದೇಶಕ್ಕೆ ಹಂಚಿಹೋಗಿ, ಖರ್ಚು ಮಾತ್ರ ಕೆಲವೇ ಹಟ್ಟಿಗಳ ತಲೆಗೆ ಬಿದ್ದರೆ, ಪ್ರಗತಿಗೆ ಎದುರಾಳಿಗಳು ತಾವಾಗಿಯೇ ಹುಟ್ಟುತ್ತಾರೆ. ಆ ನೋವಿಗೆ ಕಿವಿಗೊಡದಿದ್ದರೆ ಅದು ಕ್ರಮೇಣ ವಿಜ್ಞಾನದ ಮೇಲಿನ ಅಪನಂಬಿಕೆಯಾಗುತ್ತದೆ. ಅಂಥ ಅಪನಂಬಿಕೆಯನ್ನು ಮತವಾಗಿ ಕೊಯ್ದುಕೊಳ್ಳುವ ರಾಜಕಾರಣ ಜಗತ್ತಿನ ಹಲವು ಕಡೆ ಇದೆ.

ಇದೇ ಸೀಮೆಯ ನಾಯಕನಹಟ್ಟಿಯ ತಿಪ್ಪೇಸ್ವಾಮಿಗಳನ್ನು ಜನ ಕೆರೆ ಕಟ್ಟಿಸಿದವರೆಂದು ನೆನೆಯುತ್ತಾರೆ. ಕೆರೆಯೂ ಒಂದು ತಂತ್ರಜ್ಞಾನವೇ. ಮಣ್ಣು ಹೊತ್ತವರ ಹೊಲಕ್ಕೇ ನೀರು ಹರಿದಿದ್ದರಿಂದ ಅದು ಊರಿನದಾಯಿತು. ಕುದಾಪುರದಲ್ಲಿಯೂ ಇಂಥ ಗುರುತೊಂದಿದೆ: ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ಪ್ರಯೋಗ ಮಾಡಿಸಿ ವಿಜ್ಞಾನ ಕಲಿಸುತ್ತಾರೆ. ಆ ವಿದ್ಯೆ ಹಳ್ಳಿಯ ಶಾಲೆಗೆ ಮುಟ್ಟುತ್ತದೆ. ಇದು ಇನ್ನೂ ಹಿಗ್ಗಬೇಕು.

ಮಾಡಬೇಕಾದದ್ದು ಕಷ್ಟವೇನಲ್ಲ. ಭೂಮಿ ಹಂಚುವ ಮೊದಲು ಗ್ರಾಮಸಭೆಯನ್ನು ಕೇಳಬೇಕು, ಬೇಲಿ ಹಾಕಿದ ಮೇಲಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಮೇವಿನ ಹಕ್ಕನ್ನು ಒಪ್ಪಿದೆ. ಅದನ್ನು ಕಾಗದದಿಂದ ನೆಲಕ್ಕಿಳಿಸಬೇಕು. ಕಟ್ಟಡವಿಲ್ಲದ ಬಯಲಿನಲ್ಲಿ, ಅಪಾಯವಿಲ್ಲದ ಕಡೆ, ದನಕುರಿ ಮೇಯಲು ದಾರಿ ಬಿಡಬೇಕು. ಅಂತರ್ಜಲದ ಲೆಕ್ಕವನ್ನು ಊರಿನವರ ಮುಂದೆ ಕನ್ನಡದಲ್ಲಿ ಇಡಬೇಕು. ನೌಕೆಯನ್ನು ಆಕಾಶದಿಂದ ಕರಾರುವಾಕ್ಕಾಗಿ ಇಳಿಸಬಲ್ಲ ದೇಶಕ್ಕೆ ಕುರಿಗಾಹಿಯ ಹತ್ತಿರ ಕೂತು ಮಾತಾಡುವ ಶಕ್ತಿಯೂ ಇದೆ. ಆ ಮಾತುಕತೆ ನಡೆದ ಊರಿನಲ್ಲಿ ಪ್ರಗತಿಗೆ ಗೋಡೆಯ ಕಾವಲು ಬೇಕಾಗುವುದಿಲ್ಲ. ಊರವರೇ ಅದನ್ನು ಕಾಯುತ್ತಾರೆ.